ಗೋಡೆಯ ಮೇಲಿನ ಮುಖಗಳನ್ನು ನಗಿಸಬೇಕೇ?

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಹಳೆಯ ಮನೆಗಳ ಪಡಸಾಲೆಯಲ್ಲಿ, ಬಾಗಿಲಿಗಿಂತ ತುಸು ಎತ್ತರದಲ್ಲಿ, ಕೆಳಗೆ ನಿಂತವರನ್ನು ನೋಡುವಂತೆ ಮುಂದಕ್ಕೆ ಬಾಗಿಸಿ ತೂಗುಹಾಕಿದ ಫೋಟೊಗಳ ಸಾಲು ಇಂದಿಗೂ ಕಾಣಸಿಗುತ್ತದೆ. ರುಮಾಲು ಸುತ್ತಿದ ಮುತ್ತಜ್ಜ, ತಲೆತುಂಬ ಸೆರಗು ಹೊದ್ದ ಮುತ್ತಜ್ಜಿ, ಎರಡೂ ಅಂಗೈಗಳನ್ನು ಮೊಣಕಾಲ ಮೇಲೆ ಊರಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತ ಅಜ್ಜ, ಪಕ್ಕದಲ್ಲಿ ನಿಂತೇ ಇರುವ ಅಜ್ಜಿ. ಒಬ್ಬರೂ ನಕ್ಕಿಲ್ಲ. ಮದುವೆಯ ಫೋಟೊದಲ್ಲಿಯೂ ನಕ್ಕಿಲ್ಲ. ಹೊಸ ತಲೆಮಾರಿನವರು ಅದನ್ನು ನೋಡಿ, ಆಗಿನ ಮಂದಿ ಇಷ್ಟೇಕೆ ಸಿಟ್ಟಿನವರಾಗಿದ್ದರು ಎಂದು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಈಚೆಗೆ ಉತ್ತರಕ್ಕೆ ಕಾಯುವ ವ್ಯವಧಾನವಿಲ್ಲದೆ ಆ ಫೋಟೊವನ್ನು ಮೊಬೈಲಿಗೆ ಇಳಿಸಿ, ಬಣ್ಣ ತುಂಬಿ, ತುಟಿಗಳನ್ನು ಅಗಲಿಸಿ, ಮುತ್ತಜ್ಜಿಯನ್ನು ನಗಿಸಿ ಸ್ಟೇಟಸ್ಸಿಗೆ ಹಾಕುವ ರೂಢಿ ಬೆಳೆಯುತ್ತಿದೆ. ಪ್ರೀತಿಯಿಂದಲೇ ಹೀಗೆ ಮಾಡುತ್ತಾರೆಂಬುದರಲ್ಲಿ ಸಂಶಯವಿಲ್ಲ. ಪ್ರೀತಿಯಿಂದ ಮಾಡಿದ್ದೆಲ್ಲ ಸರಿಯಾಗಿರಬೇಕೆಂಬ ನಿಯಮವೂ ಇಲ್ಲ. ಆ ಹಿರಿಯರು ಕ್ಯಾಮೆರಾದ ಮುಂದೆ ನಗದೆ ಕುಳಿತದ್ದು ಬೇಕೆಂದೇ ತಾಳಿದ ಒಂದು ನಿಲುವು. ಅದನ್ನು ಅಳಿಸುವ ಮೊದಲು ಓದಿಕೊಳ್ಳಬೇಕಾಗಿದೆ.

ಹಳೆಯ ಫೋಟೊಗಳಲ್ಲಿ ನಗುವಿಲ್ಲದ್ದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ ಯಂತ್ರದ್ದು. ಆಗಿನ ಕ್ಯಾಮೆರಾದ ಮುಂದೆ ಬಹಳ ಹೊತ್ತು ಅಲುಗಾಡದೆ ಕೂಡಬೇಕಾಗಿತ್ತು, ಅಷ್ಟು ಹೊತ್ತು ನಗುವನ್ನು ಹಿಡಿದಿಡುವುದು ಆಗದ ಮಾತು ಎನ್ನುತ್ತಾರೆ. 1839ರಲ್ಲಿ ಫ್ರಾನ್ಸಿನಲ್ಲಿ ಡಾಗೆರೊಟೈಪ್ ವಿಧಾನ ಪ್ರಕಟವಾದಾಗ ಇದು ನಿಜವೇ ಆಗಿತ್ತು. ಬೆಳಕು ಬಿಡುವ ಅವಧಿಯನ್ನು ನಿಮಿಷಗಳಲ್ಲಿ ಎಣಿಸುತ್ತಿದ್ದರು. ಆದರೆ 1850ರ ದಶಕದಲ್ಲಿ ಗಾಜಿನ ಹಸಿ ಪ್ಲೇಟು ಬಂದ ಮೇಲೆ ಒಳ್ಳೆಯ ಬೆಳಕಿನಲ್ಲಿ ಕೆಲವು ಸೆಕೆಂಡುಗಳು ಸಾಕಾದವು. 1880ರ ದಶಕದಲ್ಲಿ ಒಣ ಪ್ಲೇಟು ಬಳಕೆಗೆ ಬಂದು ಸೆಕೆಂಡಿನ ಒಂದು ಅಂಶವೇ ಸಾಕಾಯಿತು. ಗಡಿಭಾಗದ ಸಾಧಾರಣ ಮನೆಗಳ ಗೋಡೆಯ ಮೇಲಿರುವ ಫೋಟೊಗಳಲ್ಲಿ ಹೆಚ್ಚಿನವು ಇದಕ್ಕಿಂತ ಬಹಳ ಈಚಿನವು, ಕ್ಯಾಮೆರಾ ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಕೆಲಸ ಮುಗಿಸುತ್ತಿದ್ದ ಕಾಲದವು. ಆದ್ದರಿಂದ ಈ ಕಾರಣ ನಿಲ್ಲುವುದಿಲ್ಲ. ಹಲ್ಲು ಕೆಟ್ಟಿದ್ದವು, ಅದಕ್ಕೆ ಬಾಯಿ ಮುಚ್ಚಿಕೊಂಡರು ಎಂಬ ಇನ್ನೊಂದು ವಿವರಣೆಯೂ ಇದೆ. ಹೊಲದಲ್ಲಿ, ಜಾತ್ರೆಯಲ್ಲಿ ಅದೇ ಹಲ್ಲುಗಳಿಂದ ಮನಸಾರೆ ನಗುತ್ತಿದ್ದವರು ಕ್ಯಾಮೆರಾದ ಮುಂದೆ ಮಾತ್ರ ಹಲ್ಲಿಗೆ ನಾಚಿದರೆಂದು ನಂಬುವುದು ಕಷ್ಟ.

ಪಶ್ಚಿಮದಲ್ಲಿಯೂ ಫೋಟೊದ ನಗು ಹುಟ್ಟಿನಿಂದ ಬಂದದ್ದಲ್ಲ. ಅಲ್ಲಿ ಫೋಟೊಗಿಂತ ಮೊದಲು ತೈಲಚಿತ್ರವಿತ್ತು. ತೈಲಚಿತ್ರದಲ್ಲಿ ಬಾಯಿ ತೆರೆದು ನಗುವವರು ಕುಡುಕರು, ವಿದೂಷಕರು, ಮಕ್ಕಳು, ಮಾನವಂತರಲ್ಲ. 1787ರಲ್ಲಿ ಪ್ಯಾರಿಸ್ಸಿನಲ್ಲಿ ಎಲಿಜಬೆತ್ ವಿಜೆ ಲೆ ಬ್ರೂನ್ ಎಂಬ ಚಿತ್ರಕಾರ್ತಿ ಮಗಳನ್ನು ಅಪ್ಪಿಕೊಂಡ ತನ್ನದೇ ಚಿತ್ರವನ್ನು ಪ್ರದರ್ಶಿಸಿದಾಗ, ತುಟಿಗಳ ನಡುವೆ ಹಲ್ಲು ತುಸು ಕಾಣುತ್ತದೆಂಬುದೇ ಆಕ್ಷೇಪಕ್ಕೆ ಗುರಿಯಾಯಿತು. ಆ ಸಂಪ್ರದಾಯವೇ ಫೋಟೊ ಸ್ಟುಡಿಯೋಗೂ ಬಂದಿತು. ಅದು ಬದಲಾದದ್ದು ಅಮೆರಿಕದಲ್ಲಿ, ಅದೂ ಮಾರಾಟದ ಮೂಲಕ. ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಕೊಡಕ್ ಕ್ಯಾಮೆರಾ ತಂದ. 1900ರಲ್ಲಿ ಒಂದೇ ಡಾಲರಿನ ಬ್ರೌನಿ ಕ್ಯಾಮೆರಾ ಬಂದಿತು. ಫೋಟೊ ಸ್ಟುಡಿಯೋದಿಂದ ಅಂಗಳಕ್ಕೆ, ಕಡಲ ದಂಡೆಗೆ, ಹುಟ್ಟುಹಬ್ಬಕ್ಕೆ ಇಳಿಯಿತು. ಕ್ಯಾಮೆರಾ ಕೊಂಡವನ ಬಾಳು ನಲಿವಿನದು ಎಂದು ಜಾಹೀರಾತುಗಳು ದಶಕಗಳ ಕಾಲ ಹೇಳಿದವು, ನಗುವ ಮುಖಗಳನ್ನು ತೋರಿಸಿದವು. ಜನ ಕಲಿತರು. 1905ರಿಂದ 2013ರವರೆಗಿನ ಅಮೆರಿಕದ ಪ್ರೌಢಶಾಲೆಗಳ ವಾರ್ಷಿಕ ಸಂಚಿಕೆಗಳಿಂದ 37,921 ವಿದ್ಯಾರ್ಥಿಗಳ ಭಾವಚಿತ್ರಗಳನ್ನು ಕೂಡಿಸಿ ಕಂಪ್ಯೂಟರಿನಿಂದ ಅಳೆದ ಒಂದು ಅಧ್ಯಯನ 2015ರಲ್ಲಿ ಹೊರಬಂದಿದೆ. ಶತಮಾನದ ಆರಂಭದ ಬಿಗಿದ ತುಟಿಗಳು ಬರಬರುತ್ತ ಅರಳುತ್ತ ಹೋದುದನ್ನು ಅದರಲ್ಲಿ ಕಣ್ಣಾರೆ ಕಾಣಬಹುದು. ಪ್ರತಿ ಕಾಲಘಟ್ಟದಲ್ಲಿಯೂ ಹುಡುಗರಿಗಿಂತ ಹುಡುಗಿಯರು ಹೆಚ್ಚು ನಕ್ಕಿದ್ದಾರೆ. ಇಂದು ಜಗತ್ತೆಲ್ಲ ಸಹಜವೆಂದು ತಿಳಿದಿರುವ ಫೋಟೊದ ನಗುವಿಗೆ ನೂರು ವರ್ಷದ ಆಚೆ ಹೇಳಿಕೊಳ್ಳುವಂತಹ ಇತಿಹಾಸವಿಲ್ಲ.

ಹಾಗಾದರೆ ಕನ್ನಡ-ಮರಾಠಿ ಸೀಮೆಯವರು ಕ್ಯಾಮೆರಾದ ಮುಂದೆ ಏನನ್ನು ಮಾಡುತ್ತಿದ್ದರು? ಉತ್ತರ ಸ್ವಲ್ಪಮಟ್ಟಿಗೆ ಭಾಷೆಯಲ್ಲಿಯೇ ಇದೆ. ಕನ್ನಡದಲ್ಲಿ ಹಲ್ಲು ಕಾಣುವ ನಗೆಗೆ ಇರುವ ಮಾತುಗಳನ್ನು ನೋಡಬೇಕು: ಹಲ್ಲು ಕಿರಿಯುವುದು, ಹಲ್ಲು ಕಿಸಿಯುವುದು, ಹಲ್ಲುಗಿಂಜುವುದು. ಮೂರೂ ಬೈಗುಳಗಳೇ. ಮರಾಠಿಯ ‘ದಾತ್ ಕಾಢಣೆ’ ಎಂಬುದೂ ಹಾಗೆಯೇ. ಶಾಲೆಯಲ್ಲಿ ಮಾಸ್ತರರು ಹುಡುಗರನ್ನು ಗದರುವಾಗ ಬರುವ ಮಾತು. ‘ಹಸತೀಲ ತ್ಯಾಂಚೆ ದಾತ ದಿಸತೀಲ’ ಎಂಬ ಮರಾಠಿ ಗಾದೆಯ ತಿರುಳು, ನಗುವವರು ನಗಲಿ, ಕಾಣುವುದು ಅವರದೇ ಹಲ್ಲು ಎಂದು. ಎರಡೂ ಭಾಷೆಗಳಲ್ಲಿ ಹಲ್ಲು ಕಂಡವನೇ ಸೋತವನು. ಅದೇ ಕನ್ನಡ, ಹಲ್ಲು ಕಾಣದ ನಗೆಗೆ ಎಷ್ಟೊಂದು ಚೆಲುವಾದ ಹೆಸರುಗಳನ್ನು ಕೊಟ್ಟಿದೆ: ಎಳನಗೆ, ಕಿರುನಗೆ, ನಸುನಗೆ, ಮುಗುಳ್ನಗೆ. ಮುಗುಳು ಎಂದರೆ ಮೊಗ್ಗು. ಇನ್ನೂ ಅರಳದೆ ಇರುವುದೇ ಅದರ ಸೊಗಸು. ಭರತನ ನಾಟ್ಯಶಾಸ್ತ್ರ ಹಾಸ್ಯರಸದ ಪ್ರಕರಣದಲ್ಲಿ ನಗೆಯನ್ನು ಆರು ಬಗೆಯಾಗಿ ವಿಂಗಡಿಸಿ, ಹಲ್ಲು ಕಾಣದ ಸ್ಮಿತವನ್ನೂ ತುಸುವೇ ಕಾಣುವ ಹಸಿತವನ್ನೂ ಉತ್ತಮರಿಗೆ ಕೊಟ್ಟಿದೆ. ಅಪಹಸಿತ, ಅತಿಹಸಿತಗಳನ್ನು ಅಧಮರಿಗೆ ಬಿಟ್ಟಿದೆ. ಉತ್ತಮ-ಅಧಮವೆಂಬ ಈ ಹಂಚಿಕೆಯನ್ನು ಇಂದು ಒಪ್ಪಬೇಕಾಗಿಲ್ಲ. ಆದರೆ ಶಾಸ್ತ್ರ ಓದದ ರೈತನ ಮನೆಯಲ್ಲಿಯೂ ಈ ಲೆಕ್ಕ ನಡೆಯುತ್ತಿತ್ತು ಎಂಬುದನ್ನು ಒಪ್ಪಬೇಕು.

ಇಲ್ಲಿ ಒಂದು ವಿಚಿತ್ರವೂ ಇದೆ. ಇದೇ ಗೋಡೆಯ ಮೇಲೆ, ಇದೇ ಸಾಲಿನಲ್ಲಿ ಇರುವ ಕ್ಯಾಲೆಂಡರಿನ ಕೃಷ್ಣ ನಗುತ್ತಾನೆ, ಲಕ್ಷ್ಮಿ ಮಂದಹಾಸ ಬೀರುತ್ತಾಳೆ. ಶ್ರವಣಬೆಳಗೊಳದ ಬಾಹುಬಲಿಯ ತುಟಿಯಂಚಿನಲ್ಲಿ ಸಾವಿರ ವರ್ಷಗಳಿಂದ ಒಂದು ನಸುನಗೆ ನಿಂತಿದೆ. ಎಲ್ಲವನ್ನೂ ಬಿಟ್ಟವನಿಗೆ, ಎಲ್ಲವನ್ನೂ ಕೊಡುವವಳಿಗೆ ನಗೆ ಒಪ್ಪುತ್ತದೆ. ಆದರೆ ಅಕ್ಕಲಕೋಟೆಯಲ್ಲಿ 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ಚಿತ್ರ ಈ ಭಾಗದ ಮನೆಮನೆಯಲ್ಲಿದೆ. ಅಲ್ಲಿ ನಗುವಿಲ್ಲ, ನೇರವಾದ ನೋಟವಿದೆ. ಭಕ್ತರು ಅದನ್ನು ಸಿಟ್ಟೆಂದು ಓದುವುದಿಲ್ಲ, ತಮ್ಮನ್ನು ಕಾಯುವ ದೃಷ್ಟಿಯೆಂದು ಓದುತ್ತಾರೆ. ಮುತ್ತಜ್ಜನ ಫೋಟೊವನ್ನು ಸಿಟ್ಟೆಂದು ಓದುವ ಮೊಮ್ಮಗ, ಅದರ ಪಕ್ಕದ ಸ್ವಾಮಿಗಳ ಚಿತ್ರಕ್ಕೆ ನಿತ್ಯ ಕೈಮುಗಿಯುತ್ತಾನೆ. ಓದುವ ಬಗೆ ಅವನಿಗೆ ಗೊತ್ತಿದೆ. ಒಂದು ಚಿತ್ರಕ್ಕೆ ಅನ್ವಯಿಸಿದ್ದನ್ನು ಇನ್ನೊಂದಕ್ಕೆ ಅನ್ವಯಿಸಲು ಮರೆತಿದ್ದಾನೆ, ಅಷ್ಟೆ.

ನಗೆ ಯಾರಿಗೆ ಎಂಬ ಪ್ರಶ್ನೆಯೂ ಇದೆ. ಬಂದ ನೆಂಟನಿಗೆ ನಗುಮೊಗದ ಸ್ವಾಗತ, ಮೊಮ್ಮಗುವಿಗೆ ಬೊಚ್ಚುಬಾಯಿಯ ನಗೆ, ವಾರಿಗೆಯವರೊಂದಿಗೆ ಚೇಷ್ಟೆಯ ನಗೆ. ಹೀಗೆ ಪ್ರತಿ ನಗೆಗೂ ಎದುರಿಗೊಬ್ಬ ಮನುಷ್ಯನಿರುತ್ತಿದ್ದ. ಸ್ಟುಡಿಯೋದಲ್ಲಿ ಎದುರಿಗಿದ್ದುದು ಕರಿ ಬಟ್ಟೆ ಹೊದ್ದ ಮೂರು ಕಾಲಿನ ಪೆಟ್ಟಿಗೆ. ಅದರ ಆಚೆ ಮುಂದೆ ಯಾವ ಕಾಲದಲ್ಲಿ ಯಾರು ನೋಡುತ್ತಾರೋ ಗೊತ್ತಿರದ ಕಣ್ಣುಗಳು. ಗುರುತಿಲ್ಲದವರಿಗೆ ನಗೆ ಬೀರುವುದು ಸಭ್ಯತೆಯೆನಿಸಿರಲಿಲ್ಲ. ಗುರುತಿಲ್ಲದವರ ಮುಂದೆ ತೋರಬೇಕಾದದ್ದು ಗಾಂಭೀರ್ಯ. ಫೋಟೊ ತೆಗೆಸಿಕೊಳ್ಳುವುದೆಂದರೆ ಮಡಿಕೆ ಮುರಿಯದ ಬಟ್ಟೆ ಉಟ್ಟು, ಪೇಟೆಗೆ ಬಂದು, ದುಡ್ಡು ಕೊಟ್ಟು ಮಾಡುವ ಕೆಲಸ. ಹಲವರ ಬಾಳಿನಲ್ಲಿ ಅದು ಒಂದೇ ಸಲ ನಡೆದದ್ದು. ಆ ಒಂದೇ ಸಲ, ತಾನು ಎಲ್ಲ ಕಾಲಕ್ಕೂ ಹೇಗೆ ಕಾಣಬೇಕೆಂದು ಕುಳಿತವನು ನಿರ್ಧರಿಸಿದ್ದಾನೆ. ಗೆಳೆಯನ ಚಹಾದಂಗಡಿಯಲ್ಲಿ ಕುಳಿತಂತೆ ಅವನು ಕುಳಿತುಕೊಳ್ಳಲಿಲ್ಲ. ನಾಲ್ಕು ಊರಿನ ಪಂಚರ ಮುಂದೆ ಕುಳಿತಂತೆ ಕುಳಿತ. ಸ್ಟುಡಿಯೋದವರು ನಂತರದ ದಿನಗಳಲ್ಲಿ ‘ಸ್ಮೈಲ್ ಪ್ಲೀಸ್’ ಎನ್ನಲು ಕಲಿತರು. ಗಮನಿಸಬೇಕಾದ ಸಂಗತಿಯೆಂದರೆ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡುವ ಊರುಗಳಲ್ಲಿಯೂ ಆ ಅಪ್ಪಣೆ ಇಂಗ್ಲಿಷಿನಲ್ಲಿಯೇ ಬಂದಿತು. ಯಂತ್ರಕ್ಕಾಗಿ ನಗು ಎಂದು ದೊಡ್ಡ ಮನುಷ್ಯನಿಗೆ ತನ್ನದೇ ಭಾಷೆಯಲ್ಲಿ ಹೇಳಲು ಸ್ಟುಡಿಯೋದವನ ನಾಲಿಗೆ ಏಳಲಿಲ್ಲವೆಂದು ತೋರುತ್ತದೆ.

ಈ ಸಂಕೋಚ ಗಡಿನಾಡಿನದು ಮಾತ್ರವಲ್ಲ. ಕಾರಣವಿಲ್ಲದೆ ನಗುವುದು ಮೂರ್ಖನ ಲಕ್ಷಣ ಎಂಬರ್ಥದ ಗಾದೆ ರಷ್ಯನ್ ಭಾಷೆಯಲ್ಲಿದೆ. 1990ರ ಜನವರಿಯಲ್ಲಿ ಮಾಸ್ಕೋದಲ್ಲಿ ಮೊದಲ ಮ್ಯಾಕ್‌ಡೊನಾಲ್ಡ್ಸ್ ಉಪಾಹಾರಗೃಹ ತೆರೆದಾಗ, ಗಿರಾಕಿಗಳಿಗೆ ನಗುವುದನ್ನು ಅಲ್ಲಿನ ನೌಕರರಿಗೆ ತರಬೇತಿಯಲ್ಲಿಯೇ ಕಲಿಸಬೇಕಾಯಿತು. ಜಪಾನಿನ ನಗೆಯ ಬಗ್ಗೆ ಲಾಫ್ಕಾಡಿಯೊ ಹರ್ನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬರೆದ ಪ್ರಬಂಧದಲ್ಲಿ, ಗಂಡನ ಚಿತಾಭಸ್ಮದ ಪಾತ್ರೆಯನ್ನು ಯಜಮಾನಿತಿಗೆ ತೋರಿಸುತ್ತ ನಕ್ಕ ಸೇವಕಿಯೊಬ್ಬಳ ಪ್ರಸಂಗವಿದೆ. ಯಜಮಾನಿತಿ ಯುರೋಪಿನವಳು, ಅವಳಿಗೆ ಅದು ಕಟುಕತನವಾಗಿ ಕಂಡಿತು. ತನ್ನ ದುಃಖದ ಭಾರ ಎದುರಿಗಿದ್ದವರ ಮೇಲೆ ಬೀಳದಿರಲೆಂದು ಸೇವಕಿ ನಕ್ಕಿದ್ದಳು. 2016ರಲ್ಲಿ ಪ್ರಕಟವಾದ ಒಂದು ಸಂಶೋಧನೆ 44 ಸಮಾಜಗಳ ಜನರಿಗೆ ನಗುವ ಮತ್ತು ನಗದ ಮುಖಗಳ ಫೋಟೊಗಳನ್ನು ತೋರಿಸಿ ಅಭಿಪ್ರಾಯ ಕೇಳಿತು. ಜರ್ಮನಿ, ಸ್ವಿಟ್ಜರ್‌ಲೆಂಡ್, ಚೀನಾ, ಮಲೇಷ್ಯಾಗಳಲ್ಲಿ ನಗುವ ಮುಖ ಹೆಚ್ಚು ಬುದ್ಧಿವಂತನದಾಗಿ ಕಂಡಿತು; ಜಪಾನ್, ದಕ್ಷಿಣ ಕೊರಿಯಾ, ಇರಾನ್, ರಷ್ಯಾಗಳಲ್ಲಿ ಕಡಿಮೆ ಬುದ್ಧಿಯವನದಾಗಿ. ಭ್ರಷ್ಟಾಚಾರ ಹೆಚ್ಚಿರುವ ಸಮಾಜಗಳಲ್ಲಿ ನಗುವವನ ಮೇಲಿನ ನಂಬಿಕೆಯೂ ಕಡಿಮೆ ಎಂದು ಅದು ಕಂಡುಕೊಂಡಿತು. ಕಚೇರಿಗಳಿಗೆ ಅಲೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟಾದರೂ ಹಳೆಯ ಬಿಗಿದ ತುಟಿಗಳನ್ನು ಹಾಡಿ ಹೊಗಳುವುದು ಸಲ್ಲದು. ನಗದಿರುವುದೂ ಒಂದು ಕಟ್ಟಳೆಯಾಗಿತ್ತು, ಮತ್ತು ಅದರ ಹೊರೆ ಸಮನಾಗಿ ಹಂಚಿರಲಿಲ್ಲ. ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದೆಂಬ ಗಾದೆ ಕನ್ನಡದಲ್ಲಿದೆ. ಅದರ ಎರಡನೆಯ ಭಾಗ ಗಂಡಸರನ್ನು ಅಷ್ಟಾಗಿ ಬಾಧಿಸಲಿಲ್ಲ, ಮೊದಲನೆಯ ಭಾಗ ಹೆಂಗಸರ ಇಡೀ ಬಾಳನ್ನು ಆಳಿತು. ಹೆಣ್ಣಿನ ಫೋಟೊ ಬಹುಪಾಲು ವರನ ಕಡೆಯವರಿಗೆ ಕಳಿಸಲು ತೆಗೆದದ್ದು. ಅದರಲ್ಲಿ ನಕ್ಕರೆ ಸಡಿಲ, ನಗದಿದ್ದರೆ ಗರ್ವ. ಇವೆರಡರ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿ ಹದಿನೈದು ಹದಿನಾರರ ಹುಡುಗಿ ಮುಖವನ್ನು ನಿಲ್ಲಿಸಬೇಕಾಗಿತ್ತು. ತವರು ಬಿಡುವ ಮದುಮಗಳು ನಕ್ಕರೆ ನೋಡಿದವರು ಏನೆಂದಾರು ಎಂಬ ಅಂಜಿಕೆ ಬೇರೆ. ಆದ್ದರಿಂದ ಗೋಡೆಯ ಮೇಲಿನ ಅಜ್ಜನ ಗಾಂಭೀರ್ಯವನ್ನೂ ಅಜ್ಜಿಯ ಗಾಂಭೀರ್ಯವನ್ನೂ ಒಂದೇ ಎಂದು ಓದಲಾಗದು. ಅಜ್ಜನದು ತಾನು ಆರಿಸಿಕೊಂಡದ್ದು. ಅಜ್ಜಿಯದರಲ್ಲಿ ಆರಿಸಿಕೊಂಡದ್ದೆಷ್ಟು, ಹೇರಿದ್ದೆಷ್ಟು ಎಂಬುದನ್ನು ಆ ಕಣ್ಣುಗಳಲ್ಲಿ ಹುಡುಕಬೇಕು. ಇಂದಿನ ಮದುವೆಯ ಮುಂಚಿನ ಚಿತ್ರೀಕರಣದಲ್ಲಿ ಅದೇ ವಯಸ್ಸಿಗಿಂತ ತುಸು ದೊಡ್ಡ ಹುಡುಗಿಗೆ ಕ್ಯಾಮೆರಾದವನು ಹತ್ತು ಸಲ ನಗಿಸುತ್ತಾನೆ, ಹತ್ತು ಸಲ ಓಡಿಸುತ್ತಾನೆ, ನಗು ಸಾಲದು ಎನ್ನುತ್ತಾನೆ. ಆಗ ನಗಬೇಡವೆಂದವರ ಜಾಗದಲ್ಲಿ ಈಗ ನಗೆಂದು ಹೇಳುವವರು ಬಂದಿದ್ದಾರೆ. ಅಪ್ಪಣೆ ಮಾತ್ರ ಹೋಗಿಲ್ಲ.

ಅಜ್ಜಿ ಬದುಕಿದ್ದಾಗ ನಗಲು ಬಿಡಲಿಲ್ಲ, ಈಗಲಾದರೂ ನಗಲಿ ಎಂಬ ವಾದವೂ ಇದರಿಂದಲೇ ಹುಟ್ಟುತ್ತದೆ. ಕೇಳಲು ಹಿತವಾಗಿದೆ. ಹಳೆಯ ಫೋಟೊಗಳಿಗೆ ಕೈಹಚ್ಚುವುದು ಹೊಸತಲ್ಲ ಎಂಬುದೂ ನಿಜ. ಫೋಟೊವೇ ಇಲ್ಲದೆ ತೀರಿಕೊಂಡವರ ಮುಖವನ್ನು ಯಾರದೋ ಮದುವೆಯ ಗುಂಪು ಫೋಟೊದಿಂದ ಕತ್ತರಿಸಿ ದೊಡ್ಡದು ಮಾಡಿ, ಅದಕ್ಕೆ ಕೋಟು ತೊಡಿಸಿ, ರುಮಾಲು ಸುತ್ತಿಸಿ, ಹಿಂದೆ ಪರದೆ ಬರೆದು ಕೊಡುವ ಕಲಾವಿದರು ಪೇಟೆಗಳಲ್ಲಿದ್ದರು. ಕುಂಚದಿಂದ ಕುಂಕುಮ ಹಚ್ಚುತ್ತಿದ್ದರು, ಇಲ್ಲದ ಬೋರಮಾಳ ಹಾಕುತ್ತಿದ್ದರು. ಆದರೆ ಅವರ ಕೈ ತುಟಿಯ ಬಳಿ ನಿಲ್ಲುತ್ತಿತ್ತು. ಬಡತನದಿಂದ ಕೊಳ್ಳಲಾಗದ ಕೋಟನ್ನು ಅವರು ಕೊಟ್ಟರು; ಆ ಮನುಷ್ಯನ ಮರ್ಯಾದೆಯ ಕಲ್ಪನೆಗೆ ಅದು ಹೊಂದುತ್ತಿತ್ತು. ಬದುಕಿದ್ದರೆ ಆತ ಅದನ್ನು ನೋಡಿ ಮೀಸೆ ತಿರುವುತ್ತಿದ್ದ. ಯಂತ್ರ ಕೊಡುವ ನಗೆ ಈ ಜಾತಿಯದಲ್ಲ. 2021ರಲ್ಲಿ ಮೈಹೆರಿಟೇಜ್ ಎಂಬ ವಂಶಾವಳಿ ಸಂಸ್ಥೆ ಹಳೆಯ ಫೋಟೊಗಳ ಮುಖಗಳು ಕತ್ತು ತಿರುಗಿಸಿ, ರೆಪ್ಪೆ ಬಡಿದು, ನಗುವಂತೆ ಮಾಡುವ ‘ಡೀಪ್ ನಾಸ್ಟಾಲ್ಜಿಯಾ’ ಎಂಬ ಸಾಧನವನ್ನು ಹೊರತಂದಾಗ ಜಗತ್ತು ಬೆರಗಾಯಿತು. ಅದರ ಒಳಗುಟ್ಟು ಸರಳ: ಮೊದಲೇ ಚಿತ್ರೀಕರಿಸಿಟ್ಟ ಬೇರೊಬ್ಬರ ಮುಖಚಲನೆಯನ್ನು ತಂದು ಸತ್ತವರ ಮುಖದ ಮೇಲೆ ಹೊದಿಸುವುದು. ಅರಳಿದ ಬಾಯಿ ಮುತ್ತಜ್ಜಿಯದಾದರೂ ಅದನ್ನು ಅರಳಿಸಿದ ನಗೆ ಎಲ್ಲಿಯದೋ ಪರಕೀಯರದು. ಆಕೆಯ ನಿಜವಾದ ನಗೆ ಹೇಗಿತ್ತು, ಕೆನ್ನೆಯ ಯಾವ ಕಡೆ ಗುಳಿ ಬೀಳುತ್ತಿತ್ತು, ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳೇ ಎಂಬುದನ್ನು ಬಲ್ಲವರು ಮನೆಯಲ್ಲಿ ಇನ್ನೂ ಒಬ್ಬಿಬ್ಬರಾದರೂ ಇದ್ದಾರು. ಅವರನ್ನು ಕೇಳುವ ಬದಲು ಮೊಬೈಲನ್ನು ಕೇಳಲಾಗುತ್ತಿದೆ.

ಇದು ಮನೆಯೊಳಗಿನ ಚಿಕ್ಕ ವಿಷಯವೆಂದು ಬಿಡುವಂತಿಲ್ಲ. ಅದೇ 2021ರ ಏಪ್ರಿಲ್‌ನಲ್ಲಿ ಕಾಂಬೋಡಿಯಾದ ಟುವೊಲ್ ಸ್ಲೆಂಗ್ ಸೆರೆಮನೆಯ ಫೋಟೊಗಳ ವಿಚಾರದಲ್ಲಿ ನಡೆದದ್ದನ್ನು ನೆನೆಯಬೇಕು. 1975ರಿಂದ 1979ರವರೆಗೆ ಖಮೇರ್ ರೂಜ್ ಆಡಳಿತ ಅಲ್ಲಿ ಸಾವಿರಾರು ಜನರನ್ನು ಚಿತ್ರಹಿಂಸೆಗೆ ಗುರಿಪಡಿಸಿ ಕೊಂದಿತು; ಅಲ್ಲಿಗೆ ತಂದ ಕೈದಿಗಳ ಫೋಟೊಗಳು ದಾಖಲೆಯಾಗಿ ಉಳಿದಿವೆ. ಅವುಗಳಲ್ಲಿ ಕೆಲವಕ್ಕೆ ಬಣ್ಣ ತುಂಬಿದ ವಿದೇಶಿ ಕಲಾವಿದನೊಬ್ಬನ ಚಿತ್ರಗಳನ್ನು ಒಂದು ಅಂತರರಾಷ್ಟ್ರೀಯ ಜಾಲತಾಣ ಪ್ರಕಟಿಸಿತು. ಮೂಲದೊಂದಿಗೆ ಹೋಲಿಸಿ ನೋಡಿದಾಗ ಕೆಲವು ಮುಖಗಳಲ್ಲಿ ಇಲ್ಲದ ನಗುವನ್ನು ಸೇರಿಸಿದ್ದು ಕಂಡುಬಂದಿತು. ಕಾಂಬೋಡಿಯಾದ ಸಂಸ್ಕೃತಿ ಸಚಿವಾಲಯ ಖಂಡಿಸಿತು, ಬಲಿಯಾದವರ ಮನೆಯವರು ನೊಂದರು, ಕೊನೆಗೆ ಲೇಖನವನ್ನು ತೆಗೆದುಹಾಕಲಾಯಿತು. ಸಾವಿನ ಬಾಗಿಲಲ್ಲಿ ನಿಂತವನು ಕ್ಯಾಮೆರಾಕ್ಕೆ ಕೊಟ್ಟ ಮುಖವೇ ಅವನ ಸಾಕ್ಷಿ. ಅದನ್ನು ನಗಿಸುವುದೆಂದರೆ ಸಾಕ್ಷಿಯನ್ನು ತಿದ್ದಿದಂತೆ.

ಸ್ವಾತಂತ್ರ್ಯ ದಿನ ಬಂದಾಗಲೆಲ್ಲ ಹುತಾತ್ಮರು ನಗುನಗುತ್ತ ನೋಡುವ ವಿಡಿಯೋಗಳು ಈಚೆಗೆ ಮೊಬೈಲುಗಳಲ್ಲಿ ಹರಿದಾಡುತ್ತವೆ. ಭಗತ್ ಸಿಂಗ್ ಟೋಪಿ ಧರಿಸಿದ ಪ್ರಸಿದ್ಧ ಫೋಟೊ 1929ರ ಏಪ್ರಿಲ್ 8ರ ಬಾಂಬ್ ಪ್ರಕರಣಕ್ಕೆ ಕೆಲವೇ ದಿನ ಮೊದಲು ದೆಹಲಿಯ ಕಾಶ್ಮೀರಿ ಗೇಟಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಬಂಧನವಾದ ಮೇಲೆ ದೇಶ ನೋಡಲಿ ಎಂದೇ ತೆಗೆಸಿದ್ದು. ಆ ಮುಖದಲ್ಲಿ ನಗುವಿಲ್ಲದಿರುವುದು ಇಪ್ಪತ್ತೊಂದರ ತರುಣನೊಬ್ಬ ತಿಳಿದು ಮಾಡಿದ ಆಯ್ಕೆ. ಸೊಲ್ಲಾಪುರಕ್ಕೆ ತನ್ನದೇ ನಾಲ್ವರಿದ್ದಾರೆ: ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್, ಶ್ರೀಕಿಸನ್ ಸಾರ್ಡಾ. 1931ರ ಜನವರಿ 12ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿದವರು. ಅವರ ಮುಖಗಳಿಗೂ ಇಂದಲ್ಲ ನಾಳೆ ಯಾರೋ ನಗೆ ಹಚ್ಚುತ್ತಾರೆ. ಮುಂದಿನ ತಲೆಮಾರು ಅದನ್ನೇ ಮೂಲವೆಂದು ನಂಬಿದರೆ, ಅವರ ಬಗ್ಗೆ ಬರೆದ ಪುಸ್ತಕಗಳಿಗಿಂತ ಆ ನಗೆಯೇ ಹೆಚ್ಚು ದಿನ ಬಾಳೀತು.

ಗಡಿಭಾಗದ ಕನ್ನಡ ಮನೆತನಗಳಿಗೆ ಈ ಫೋಟೊಗಳ ಬೆಲೆ ಇತರರಿಗಿಂತ ತುಸು ಹೆಚ್ಚು. ಹಲವು ಮನೆಗಳ ಹೊಲದ ಕಾಗದಗಳು, ಶಾಲೆಯ ದಾಖಲೆಗಳು ಮರಾಠಿಯಲ್ಲಿವೆ. ಅದಕ್ಕೂ ಹಿಂದಿನವು ಇಂದಿನವರು ಓದಲಾರದ ಮೋಡಿ ಲಿಪಿಯಲ್ಲಿವೆ. ಅಡುಗೆಮನೆಯಲ್ಲಿ, ಬೀಸುಕಲ್ಲಿನ ಮುಂದೆ ಆಡಿದ ಕನ್ನಡ ಯಾವ ಕಾಗದದಲ್ಲಿಯೂ ದಾಖಲಾಗಿಲ್ಲ. ಅಕ್ಷರ ಕಲಿಯದ ಮುತ್ತಜ್ಜಿ ತನ್ನ ಬಗ್ಗೆ ತಾನೇ ಬಿಟ್ಟುಹೋದ ದಾಖಲೆಯೆಂದರೆ ಆ ಒಂದು ಮುಖ ಮಾತ್ರ. ಕಾಲೇಜಿನ ವಿದ್ಯಾರ್ಥಿಗಳು ಅದನ್ನು ಮೊಬೈಲಿಗೆ ಇಳಿಸಿಕೊಳ್ಳುವುದು ಒಳ್ಳೆಯದೇ. ಗೆದ್ದಲಿಗೂ ತೇವಕ್ಕೂ ಸಿಗುವ ಮೊದಲು ಇಳಿಸಿಕೊಳ್ಳಲೇಬೇಕು. ಇಳಿಸಿಕೊಂಡದ್ದರ ಒಂದು ಪ್ರತಿಯನ್ನು ಏನೂ ಮಾಡದೆ ಹಾಗೆಯೇ ಇಟ್ಟುಕೊಳ್ಳಬೇಕು. ಬಣ್ಣ ತುಂಬಿದರೆ, ತುಂಬಿದ್ದು ಎಂದು ಕೆಳಗೆ ಬರೆಯಬೇಕು. ಮುಖವನ್ನು ಮುಟ್ಟಬಾರದು. ಮನೆಯ ಹಿರಿಯರ ಪಕ್ಕದಲ್ಲಿ ಫೋಟೊ ಹಿಡಿದುಕೊಂಡು ಕುಳಿತು, ಇವರು ಯಾವಾಗ ನಗುತ್ತಿದ್ದರು, ಯಾರೊಡನೆ ನಗುತ್ತಿದ್ದರು, ಈ ಫೋಟೊ ಯಾವ ಪೇಟೆಯಲ್ಲಿ, ಯಾವ ನೆಪದಲ್ಲಿ ತೆಗೆಸಿದ್ದು ಎಂದು ಕೇಳಿ, ಹೇಳಿದ್ದನ್ನು ಹೇಳಿದ ಭಾಷೆಯಲ್ಲಿಯೇ ಬರೆದುಕೊಳ್ಳಬೇಕು. ಚೌಕಟ್ಟಿನ ಹಿಂದಿನ ರಟ್ಟನ್ನು ಮೆಲ್ಲಗೆ ಬಿಚ್ಚಿ ನೋಡುವುದನ್ನೂ ಮರೆಯಬಾರದು. ಕೆಲವು ಫೋಟೊಗಳ ಬೆನ್ನಿಗೆ ಸ್ಟುಡಿಯೋದ ಮಾಸಿದ ಮುದ್ರೆಯೂ ಪೆನ್ಸಿಲಿನಲ್ಲಿ ಬರೆದ ಒಂದು ಹೆಸರೂ ಇರುತ್ತವೆ, ಕೆಲವೊಮ್ಮೆ ಮರಾಠಿಯಲ್ಲಿ, ಕೆಲವೊಮ್ಮೆ ಕನ್ನಡದಲ್ಲಿ.